ಈ ನೆಗ್ಗು ಆಣೆಕಲ್ಲಿನದೋ, ಹಳೆಯದೋ?

ಪ್ರಶ್ನೆ: ನಾವು ಸಾಂಗಲಿ ಜಿಲ್ಲೆ ಜತ್ತ ತಾಲೂಕಿನ ಒಂದು ಹಳ್ಳಿಯವರು. ಕಳೆದ ಸೋಮವಾರ ಸಂಜೆ ಕಾಲು ಗಂಟೆ ಆಣೆಕಲ್ಲು (ಆಲಿಕಲ್ಲು) ಮಳೆ ಬಿತ್ತು. ಯಜಮಾನರು ಲಾರಿ ಮೇಲೆ ಹೊರಗಿದ್ದರು, ನಾನು ತವರಿಗೆ ಹೋಗಿದ್ದೆ. ಮನೆಯಲ್ಲಿ ಮಾವನವರು ಮಾತ್ರ ಇದ್ದರು. ತಲಾಟಿಯವರು (ಹಳ್ಳಿಯ ಕಂದಾಯ ಅಧಿಕಾರಿ) ಬಂದು ದ್ರಾಕ್ಷಿ ತೋಟದ ಪಂಚನಾಮೆ, ಅಂದರೆ ಹಾನಿಯ ದಾಖಲೆ, ಮಾಡಿಕೊಂಡು ಹೋಗಿದ್ದಾರೆ. ಮನೆ, ಒಣದ್ರಾಕ್ಷಿ ಶೆಡ್ಡು, ಕಾರು, ನೀರಿನ ಟಾಕಿ, ಸೋಲಾರ್ ಇವನ್ನು ಯಾರೂ ನೋಡಿಲ್ಲ. ಪತ್ರಾಸಿನ (ಮಾಡಿನ ತಗಡಿನ) ಮೇಲೆ ಬಹಳ ನೆಗ್ಗು ಕಾಣುತ್ತವೆ. ‘ಅವೆಲ್ಲ ಮೊದಲೇ ಇದ್ದವು’ ಅಂತಾರೆ ಮಾವನವರು. ‘ಎಲ್ಲಾ ಆಣೆಕಲ್ಲಿನವೇ ಅಂತ ಬರೆಸಿಬಿಡಿ’ ಅಂತಾರೆ ಪಕ್ಕದ ಮನೆಯವರು. ಸುಳ್ಳು ಬರೆಸಲು ಮನಸ್ಸಿಲ್ಲ, ಆದ ಲುಕ್ಸಾನು ಬಿಡಲೂ ಮನಸ್ಸಿಲ್ಲ. ಯುಗಾದಿ ಹತ್ತಿರ ಬಂತು, ಮನೆ ತೊಳೆದು ಬಣ್ಣ ಹೊಡೆಸಬೇಕು ಅಂತಿದ್ದೇವೆ. ಯಾವುದು ಆಣೆಕಲ್ಲಿನ ಪೆಟ್ಟು, ಯಾವುದು ಅಲ್ಲ, ಹೇಗೆ ಗುರುತಿಸುವುದು?

ಉತ್ತರ: ಅಕ್ಕಾ, ನಮಸ್ಕಾರ. ಎಲ್ಲಕ್ಕಿಂತ ಮೊದಲು ಒಂದು ಮಾತು. ಮನೆ ತೊಳೆಯುವುದನ್ನು, ಬಣ್ಣ ಹೊಡೆಸುವುದನ್ನು ಎರಡು ದಿನ ಮುಂದಕ್ಕೆ ಹಾಕಿ. ಆಣೆಕಲ್ಲು ಕರಗಿ ಹೋಗಿದೆ. ಅದು ಎಷ್ಟು ದೊಡ್ಡದಿತ್ತು, ಯಾವ ಕಡೆಯಿಂದ ಬಂತು ಅಂತ ಹೇಳುವ ಕಲೆಗಳು ಮಾತ್ರ ಗೋಡೆಯ ಮೇಲೆ, ಟಾಕಿಯ ಮೇಲೆ, ಮೀಟರ್ ಡಬ್ಬಿಯ ಮೇಲೆ ಇನ್ನೂ ಉಳಿದಿರುತ್ತವೆ. ನೀರು ಹಾಕಿ ಬ್ರಷ್ ಆಡಿಸಿದರೆ ಅವೂ ಹೋದವು.

ನಾನು ಸೊಲ್ಲಾಪುರದಲ್ಲಿದ್ದುಕೊಂಡು ಅಕ್ಕಲಕೋಟೆ, ಮಂಗಳವೇಢೆ, ಜತ್ತ ಕಡೆ ಶೆಡ್ಡು, ಮನೆ, ವಾಹನಗಳ ಹಾನಿ ನೋಡಿ ವರದಿ ಬರೆಯುವ ಕೆಲಸ ಬಹಳ ವರ್ಷದಿಂದ ಮಾಡುತ್ತಿದ್ದೇನೆ. 2014ರಲ್ಲಿ ಫೆಬ್ರುವರಿ ಕೊನೆಯಿಂದ ಮಾರ್ಚ್ ಅರ್ಧದವರೆಗೆ ಮಹಾರಾಷ್ಟ್ರದಲ್ಲಿ ಬಿದ್ದ ಆಣೆಕಲ್ಲನ್ನು ನಿಮ್ಮ ಮಾವನವರು ಮರೆತಿರಲಿಕ್ಕಿಲ್ಲ. ಆಗ ನಾನು ಹತ್ತಿದ ಪತ್ರಾಸುಗಳಿಗೆ ಲೆಕ್ಕವಿಲ್ಲ. ಎರಡು ತಪ್ಪುಗಳನ್ನು ಆಗಲೇ ಕಂಡೆ. ಕೆಲವರು ನಿಜವಾದ ಪೆಟ್ಟನ್ನು ‘ಹಳೇದಿರಬೇಕು’ ಅಂತ ಸುಮ್ನೆ ಬಿಟ್ಟರು. ಇನ್ನು ಕೆಲವರು ಕಂಡ ತೂತು, ಕಂಡ ಬಿರುಕು ಎಲ್ಲಾ ಸೇರಿಸಿ ಬರೆಸಿದರು. ಅದರಲ್ಲಿ ಎರಡು ಹಳೆಯವು ಅಂತ ಗೊತ್ತಾದ ಕೂಡಲೇ ಉಳಿದ ಇಪ್ಪತ್ತರ ಮೇಲೂ ಅನುಮಾನ ಬಂತು. ಇಬ್ಬರಿಗೂ ನಷ್ಟವೇ ಆಯಿತು.

ಹೀಗಾಗಿ ನಾನು ಯಾವ ನೆಗ್ಗನ್ನೂ ಒಂಟಿಯಾಗಿ ನೋಡುವುದಿಲ್ಲ. ಒಂದು ನೆಗ್ಗು ನೋಡಿ ಇದು ಆಣೆಕಲ್ಲಿನದು ಅಂತ ಹೇಳುವುದು ಕಷ್ಟ. ಆದರೆ ಆಣೆಕಲ್ಲು ಒಂದೇ ವಸ್ತುವಿನ ಮೇಲೆ ಬೀಳುವುದಿಲ್ಲ. ಅಂಗಳದಲ್ಲಿ ಆಕಾಶಕ್ಕೆ ಮುಖ ಮಾಡಿದ್ದಕ್ಕೆಲ್ಲ ಒಂದೇ ಹೊತ್ತಿಗೆ, ಒಂದೇ ಕಡೆಯಿಂದ ಹೊಡೆಯುತ್ತದೆ. ಆದ್ದರಿಂದ ಹತ್ತು ವಸ್ತುಗಳು ಒಂದೇ ಕಥೆ ಹೇಳಬೇಕು. ಪತ್ರಾಸು ಒಂದು ಹೇಳಿ, ಟಾಕಿ ಇನ್ನೊಂದು ಹೇಳಿದರೆ ಎಲ್ಲೋ ತಪ್ಪಿದೆ ಅಂತ ಅರ್ಥ.

ಮೊದಲು ಕಲ್ಲು ಎಷ್ಟು ದೊಡ್ಡದಿತ್ತು ಅಂತ ಮಾವನವರನ್ನು ಕೇಳಿ. ಕಡಲೆಕಾಳಿನಷ್ಟೋ, ಆಡುವ ಗೋಟಿಯಷ್ಟೋ (ಗೋಲಿ), ನಿಂಬೆಹಣ್ಣಿನಷ್ಟೋ? ಇದು ಸುಮ್ಮನೆ ಕೇಳುವ ಪ್ರಶ್ನೆ ಅಲ್ಲ. ಕಲ್ಲಿನ ಅಡ್ಡಳತೆ ಎರಡು ಪಟ್ಟಾದರೆ ತೂಕ 8 ಪಟ್ಟಾಗುತ್ತದೆ. ದೊಡ್ಡ ಕಲ್ಲು ಜೋರಾಗಿಯೂ ಬೀಳುತ್ತದೆ. ಎರಡೂ ಸೇರಿ ಪೆಟ್ಟಿನ ಬಲ ಸುಮಾರು 16 ಪಟ್ಟಾಗುತ್ತದೆ. ಕಡಲೆಕಾಳಿನಷ್ಟು ಕಲ್ಲು ಗಿಡದ ಎಲೆ ಹರಿಯುತ್ತದೆ, ಪತ್ರಾಸಿಗೆ ಏನೂ ಮಾಡುವುದಿಲ್ಲ. 10 ರೂಪಾಯಿ ನಾಣ್ಯ 27 ಮಿ.ಮೀ. ಅಗಲ. ಕಲ್ಲು ಅದರ ಆಸುಪಾಸಿಗೆ ಬಂದಾಗ ತೆಳು ತಗಡು, ಕಾರಿನ ಬಾನೆಟ್ಟು, ಬಿಸಿಲಿಗೆ ಒಣಗಿದ ಪ್ಲಾಸ್ಟಿಕ್ಕಿನ ಬಗ್ಗೆ ಚಿಂತೆ ಶುರು ಮಾಡಬೇಕು. ಅಷ್ಟು ದೊಡ್ಡ ಕಲ್ಲು ಗಂಟೆಗೆ 40ರಿಂದ 60 ಕಿ.ಮೀ. ವೇಗದಲ್ಲಿ ಬೀಳುತ್ತದೆ. ಬಿರುಗಾಳಿ ಜೊತೆಗಿದ್ದರೆ ಇನ್ನೂ ಜಾಸ್ತಿ. ಓಣಿಯ ಹುಡುಗರು ಅವತ್ತು ಕೈಯಲ್ಲಿ ಕಲ್ಲು ಹಿಡಿದು ಫೋಟೋ ತೆಗೆದಿರುತ್ತಾರೆ, ಕೇಳಿ ತರಿಸಿಕೊಳ್ಳಿ. ಯಾರಾದರೂ ಒಂದೆರಡು ಫ್ರಿಜ್ಜಿನ ಐಸ್ ಖಾನೆಯಲ್ಲಿ ಇಟ್ಟಿದ್ದರೆ ಅದರ ಪಕ್ಕ ನಾಣ್ಯ ಇಟ್ಟು ಫೋಟೋ ತೆಗೆಯಿರಿ.

ಈಗ ಅಂಗಳಕ್ಕೆ ಬನ್ನಿ. ಪತ್ರಾಸಿನಿಂದ ಶುರು ಮಾಡಬೇಡಿ, ಮೆತ್ತಗಿನ ವಸ್ತುವಿನಿಂದ ಶುರು ಮಾಡಿ. ಒಮ್ಮೆ ಅಕ್ಕಲಕೋಟೆ ತಾಲೂಕಿನ ಒಂದು ಮನೆಯಲ್ಲಿ ಅಣ್ಣ ತಮ್ಮಂದಿರು ಪತ್ರಾಸಿನ ನೆಗ್ಗು ಹೊಸದೋ ಹಳೆಯದೋ ಅಂತ ನನ್ನ ಮುಂದೆಯೇ ಜಗಳ ಆಡುತ್ತಿದ್ದರು. ಬಚ್ಚಲಿನ ಹೊರಗೆ ಒಂದು ಅಲ್ಯುಮಿನಿಯಂ ಬೋಗುಣಿ ಮಗುಚಿಟ್ಟಿತ್ತು. ಎತ್ತಿ ಬಿಸಿಲಿಗೆ ಓರೆ ಹಿಡಿದೆ. ತಳದ ತುಂಬ ಗೋಟಿ ಒತ್ತಿದ ಹಾಗೆ ಗುಂಡನೆಯ ಕುಳಿಗಳು, ಎಣಿಸಿದರೆ ಹನ್ನೊಂದು. ಪಡುವಣ ಮಗ್ಗಲಿನಲ್ಲೂ ನಾಲ್ಕು, ಮೂಡಣ ಮಗ್ಗಲು ನುಣ್ಣಗೆ. ಆ ಮನೆಯ ತಾಯಿ ಅಂದರು: ‘ಇದರಲ್ಲಿ ದಿನಾ ನೀರು ಕಾಸುತ್ತೇನೆ, ಮೊನ್ನೆವರೆಗೆ ತಳ ಸಪಾಟಾಗಿತ್ತು.’ ಜಗಳ ಅಲ್ಲಿಗೆ ನಿಂತಿತು. ಕಲ್ಲಿನ ಗಾತ್ರ, ಗಾಳಿಯ ದಿಕ್ಕು ಎರಡನ್ನೂ ಆ ಬೋಗುಣಿ ಹೇಳಿತ್ತು.

ನಿಮ್ಮ ಮನೆಯಲ್ಲೂ ಅಂಥದ್ದು ಏನಾದರೂ ಇದ್ದೇ ಇರುತ್ತದೆ. ಹೊರಗಿಟ್ಟ ಬೋಗುಣಿ, ಎಣ್ಣೆ ಡಬ್ಬಿ, ಟಿವಿಯ ಡಿಶ್ಶು. ಎಸಿ ಇದ್ದರೆ ಅದರ ಹೊರಗಿನ ಪೆಟ್ಟಿಗೆಯ ಬೆನ್ನಿಗಿರುವ ಸಣ್ಣ ಸಣ್ಣ ಅಲ್ಯುಮಿನಿಯಂ ಎಸಳುಗಳನ್ನು ನೋಡಿ. ಕಲ್ಲು ಬಿದ್ದಲ್ಲಿ ಅವು ಬೆರಳಿನಿಂದ ಒತ್ತಿದಂತೆ ಮಲಗಿರುತ್ತವೆ. ಈ ಮೆತ್ತಗಿನ ವಸ್ತುಗಳಿಗೆ ಏನೂ ಆಗಿಲ್ಲ, ಆದರೆ ಅದೇ ಮಗ್ಗಲಿನ ಗಟ್ಟಿ ಪತ್ರಾಸು ಮಾತ್ರ ನೆಗ್ಗಿದೆ ಅಂದರೆ ಆ ನೆಗ್ಗು ಆಣೆಕಲ್ಲಿನದಲ್ಲ.

ಆಮೇಲೆ ಕಲೆಗಳು. ಹಳೆಯ ಬಣ್ಣ, ಪ್ಲಾಸ್ಟಿಕ್ಕು, ಸಿಮೆಂಟು, ಬಿಸಿಲಿಗೆ ಬೂದಿ ಬಣ್ಣಕ್ಕೆ ತಿರುಗಿದ ಕಟ್ಟಿಗೆ ಇವುಗಳ ಮೇಲೆ ವರ್ಷಗಟ್ಟಲೆ ಕೂತ ಧೂಳು, ಪಾಚಿ, ಪುಡಿಯಾದ ಬಣ್ಣ ಒಂದು ತೆಳು ಪದರ ಆಗಿರುತ್ತದೆ. ಆಣೆಕಲ್ಲು ಬಡಿದು ಒಡೆದಾಗ ಆ ಜಾಗದಲ್ಲಿ ಪದರ ಕಿತ್ತು ಬರುತ್ತದೆ. ಹಿಟ್ಟಿನ ಮೇಲೆ ಬೆರಳು ಒತ್ತಿ ತೆಗೆದ ಹಾಗೆ ಒಂದು ಸ್ವಚ್ಛ ಚುಕ್ಕೆ ಉಳಿಯುತ್ತದೆ. ಕೆಳಗೆ ಹಾನಿ ಏನೂ ಇರುವುದಿಲ್ಲ, ಬರೀ ಕಲೆ. ಆದರೆ ನನಗೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕಿಲ್ಲ. ಬಿಸಿಲು, ಧೂಳು, ಮುಂದಿನ ಮಳೆ ಸೇರಿ ಇದು ಕೆಲವು ತಿಂಗಳಲ್ಲಿ ಮಾಸಿ ಹೋಗುತ್ತದೆ. ಹೀಗಾಗಿ ಕಲೆ ಬೆಳ್ಳಗೆ ಎದ್ದು ಕಂಡರೆ ಪೆಟ್ಟು ಹೊಸದು. ಕಲೆಯ ಅಗಲ ಕಲ್ಲಿನ ಗಾತ್ರದ ಅಂದಾಜು ಕೊಡುತ್ತದೆ, ಪಕ್ಕಾ ಅಳತೆ ಅಲ್ಲ. ಕಲೆ ಗುಂಡಗಿದ್ದರೆ ಕಲ್ಲು ನೇರ ಬಡಿದಿದೆ, ಒಂದು ಕಡೆ ಬಾಲ ಎಳೆದಂತಿದ್ದರೆ ಓರೆಯಾಗಿ ಸವರಿದೆ. ಮೀಟರ್ ಡಬ್ಬಿ, ಟಾಕಿಯ ಹೊಟ್ಟೆ, ಕಟ್ಟೆಯ ಕಲ್ಲು, ದನದ ಗ್ವಾದಲಿಯ ಅಂಚು ಇವನ್ನೆಲ್ಲ ಒಂದು ಸುತ್ತು ನೋಡಿ ಬನ್ನಿ. ಬೇಕಾದರೆ ತೋಟಕ್ಕೂ ಹೋಗಿ. ದ್ರಾಕ್ಷಿ ಕಡ್ಡಿಯ ಸಿಪ್ಪೆ ಯಾವ ಮಗ್ಗಲಿಗೆ ಕಿತ್ತಿದೆಯೋ ಆ ದಿಕ್ಕಿನಿಂದಲೇ ಗಾಳಿ ಬಂದದ್ದು. ಗೋಡೆಯ ಕಲೆಗಳೂ ಅದೇ ದಿಕ್ಕನ್ನು ತೋರಿಸಬೇಕು.

ಇಷ್ಟಾದ ಮೇಲೆ ಪತ್ರಾಸು. ಇಲ್ಲಿ ಮಾವನವರ ಮಾತೂ ಪೂರ್ತಿ ಸುಳ್ಳಾಗಿರಲಿಕ್ಕಿಲ್ಲ. ನಮ್ಮ ಕಡೆ ಗಾಳಿಗೆ ಪತ್ರಾಸು ಹಾರಬಾರದು ಅಂತ ಮೇಲೆ ಕಲ್ಲು ಹೇರಿರುತ್ತಾರೆ. ಪ್ರತಿ ಬಿರುಗಾಳಿಗೆ ತಗಡು ಎದ್ದು ಬೀಳುವಾಗ ಆ ಕಲ್ಲೂ ಎದ್ದು ಬಿದ್ದು ಕೆಳಗೆ ಗುಳಿ ಮಾಡುತ್ತದೆ. ಈ ಗುಳಿ ಆಳ ಜಾಸ್ತಿ, ಅಂಚು ಮೊನಚು, ಸುತ್ತ ಸತುವಿನ ಹೊಳಪು ಕೆರೆದು ಹೋಗಿರುತ್ತದೆ. ಹಳೆಯದಾದರೆ ಕೆರೆದ ಜಾಗದಲ್ಲಿ ಕೆಂಪು ತುಕ್ಕು. ಆಣೆಕಲ್ಲು ಹಾಗೆ ಕೆರೆಯುವುದಿಲ್ಲ. ಮಂಜುಗಡ್ಡೆ ಉಕ್ಕಿಗಿಂತ, ಸತುವಿಗಿಂತ ಮೆತ್ತಗೆ. ಅದು ತಗಡನ್ನು ಒಳಕ್ಕೆ ತಳ್ಳುತ್ತದೆ, ಮೇಲಿನ ಲೇಪ ಹಾಗೇ ಉಳಿಯುತ್ತದೆ. ಹೀಗಾಗಿ ಆಣೆಕಲ್ಲಿನ ನೆಗ್ಗು ನುಣುಪಾಗಿ, ತಟ್ಟೆಯ ಹಾಗೆ ಇಳಿದಿರುತ್ತದೆ. ಬೆರಳು ಆಡಿಸಿದರೆ ಎಲ್ಲೂ ತೊಡರುವುದಿಲ್ಲ.

ಎರಡನೆಯದು ಜೋಡಣೆ. ಆಣೆಕಲ್ಲಿಗೆ ಸಾಲು ಗೊತ್ತಿಲ್ಲ. ಒಂದು ಕಡೆ ಎರಡು ಒತ್ತೊತ್ತಾಗಿ, ಇನ್ನೊಂದು ಕಡೆ ಒಂದು ಗೇಣು ಖಾಲಿ, ಸಣ್ಣವು ದೊಡ್ಡವು ಬೆರಕೆ. ಮನುಷ್ಯ ನಡೆದ ನೆಗ್ಗು ಸಾಲಾಗಿರುತ್ತದೆ. ಏಣಿ ಇಡುವ ಜಾಗದಿಂದ ಡಿಶ್ಶಿನವರೆಗೆ, ಟಾಕಿಯವರೆಗೆ. ತಗಡಿನ ಏರು ಉದ್ದಕ್ಕೆ ಚಪ್ಪಟೆಯಾಗಿದ್ದರೆ ಅದು ಕಾಲಿನ ಗುರುತು. ತಗಡು ಬಿಗಿಯುವ ಹುಕ್ಕಿನ ಪಕ್ಕದಲ್ಲೇ ಇರುವ ಗುಂಡನೆಯ ಗುರುತು ಪತ್ರಾಸು ಹಾಕಿದವನ ಸುತ್ತಿಗೆಯದು. ಮರದ ಟೊಂಗೆಯ ಕೆಳಗೆ ಮಾತ್ರ ನೆಗ್ಗು ಗುಂಪಾಗಿದ್ದರೆ ಮಂಗಗಳು ಜಿಗಿದಿರುತ್ತವೆ. ಇನ್ನೊಂದು ನೋಡಿ: ಪತ್ರಾಸಿನ ಎರಡು ಇಳಿಜಾರಿನಲ್ಲಿ ಗಾಳಿ ಬಂದ ಕಡೆಯ ಇಳಿಜಾರಿಗೆ ಪೆಟ್ಟು ಜಾಸ್ತಿ, ಆಚೆ ಕಡೆಗೆ ಕಡಿಮೆ. ಎರಡೂ ಕಡೆ ಒಂದೇ ಸಮ ಇದ್ದರೆ ಮಾವನವರನ್ನು ಮತ್ತೆ ಕೇಳಿ, ಅವತ್ತು ಗಾಳಿಯೇ ಇರಲಿಲ್ಲವೋ ಅಂತ.

ನಡು ಮಧ್ಯಾಹ್ನ ಪತ್ರಾಸು ನೋಡಿದರೆ ಏನೂ ಕಾಣುವುದಿಲ್ಲ. ಮುಂಜಾನೆ ಏಳಕ್ಕೋ ಸಂಜೆ ಆರಕ್ಕೋ ಬಿಸಿಲು ಓರೆ ಬಿದ್ದಾಗ ನೋಡಿ. ಪ್ರತಿ ನೆಗ್ಗಿನೊಳಗೆ ಒಂದು ಕಡೆ ನೆರಳು, ಒಂದು ಕಡೆ ಬೆಳಕು ನಿಲ್ಲುತ್ತದೆ. ಮಕ್ಕಳ ಶಾಲೆಯ ಖಡು (ಸೀಮೆಸುಣ್ಣ) ಇರುತ್ತದಲ್ಲ, ಅದನ್ನು ಅಡ್ಡ ಮಲಗಿಸಿ ತಗಡಿನ ಮೇಲೆ ಹಗುರ ಉಜ್ಜಿ. ಸಪಾಟು ಜಾಗ ಬೆಳ್ಳಗಾಗುತ್ತದೆ, ನೆಗ್ಗಿದ ಜಾಗ ಬೆಳ್ಳಗಾಗದೆ ಗುಂಡಗೆ ಬಿಟ್ಟುಹೋಗುತ್ತದೆ. ಎರಡು ರೂಪಾಯಿಯ ಖಡು ಮಾಡುವ ಈ ಕೆಲಸವನ್ನು ಕ್ಯಾಮೆರಾ ಕೂಡ ಮಾಡಲಾರದು. ಹೊಸದೋ ಹಳೆಯದೋ ತಿಳಿಯಲು ನೆಗ್ಗಿನ ತಳ ನೋಡಿ. ಹಳೆಯ ನೆಗ್ಗಿನಲ್ಲಿ ನೀರು ನಿಂತು ಒಣಗಿ ಒಂದರೊಳಗೊಂದು ಉಂಗುರದಂಥ ಗೆರೆಗಳು ಬಂದಿರುತ್ತವೆ, ಮಣ್ಣು ಗಟ್ಟಿಯಾಗಿ ಕೂತಿರುತ್ತದೆ. ಐದು ದಿನದ ನೆಗ್ಗಿನಲ್ಲಿ ಅಂಥದ್ದು ಇರುವುದಿಲ್ಲ.

ಒಂದು ಸಮಾಧಾನದ ಮಾತು. ಬರೀ ನೆಗ್ಗಿನಿಂದ ಪತ್ರಾಸು ಸೋರುವುದಿಲ್ಲ. ಸೋರುವುದು ಎರಡು ತಗಡು ಒಂದರ ಮೇಲೊಂದು ಕೂಡುವ ಕಡೆ, ಹುಕ್ಕಿನ ವಾಷರ್ ಸರಿದ ಕಡೆ. ಅಲ್ಲಿ ಪೆಟ್ಟು ಬಿದ್ದು ಬಾಯಿ ಬಿಟ್ಟಿದೆಯಾ ಅಂತ ಒಳಗಿಂದ ನೋಡಿ. ಹಗಲು ಬಾಗಿಲು ಕಿಟಕಿ ಮುಚ್ಚಿ ಕತ್ತಲು ಮಾಡಿದರೆ ಬೆಳಕಿನ ಚುಕ್ಕೆ ತಾನಾಗಿ ಕಾಣುತ್ತದೆ. ನೆಗ್ಗಿದ ಜಾಗದಲ್ಲಿ ಲೇಪಕ್ಕೆ ಸಣ್ಣ ಸೀಳು ಬಿದ್ದಿದ್ದರೆ ಅದು ಒಂದು ಮಳೆಗಾಲ ಕಳೆದ ಮೇಲೆ ತುಕ್ಕಾಗಿ ಹೊರಬರುತ್ತದೆ. ಅಂಥವನ್ನು ಗುರುತು ಹಾಕಿಟ್ಟುಕೊಂಡು ಮಿರುಗದ (ಮೃಗಶಿರಾ) ಮಳೆಗೆ ಮೊದಲು ಸತುವಿನ ಬಣ್ಣ ಹಚ್ಚಿಸಿ.

ದನದ ಕೊಟ್ಟಿಗೆಗೆ ಸಿಮೆಂಟಿನ ಪತ್ರಾಸು ಇದ್ದರೆ ದಯವಿಟ್ಟು ಅದರ ಮೇಲೆ ಯಾರನ್ನೂ ಹತ್ತಿಸಬೇಡಿ. ಪೆಟ್ಟು ತಿಂದ ಸಿಮೆಂಟ್ ಪತ್ರಾಸು ಕಾಲಿಟ್ಟ ಕೂಡಲೇ ಮುರಿಯುತ್ತದೆ. ಹೀಗೆ ಬಿದ್ದು ಸೊಂಟ ಮುರಿದುಕೊಂಡವರನ್ನು ನಾನು ನೋಡಿದ್ದೇನೆ. ಇದನ್ನು ಕೆಳಗಿಂದಲೇ ಓದಬಹುದು. ಮೇಲೆ ಸಣ್ಣ ಗುರುತು ಇದ್ದರೂ ಕೆಳಮುಖದಲ್ಲಿ ನಕ್ಷತ್ರದ ಹಾಗೆ ಬಿರುಕು ಹರಡಿರುತ್ತದೆ, ಕೆಲವೊಮ್ಮೆ ಒಂದು ಚಕ್ಕೆ ಎದ್ದಿರುತ್ತದೆ. ಹೊಸ ಬಿರುಕಿನ ಅಂಚು ತಿಳಿ ಬೂದಿ ಬಣ್ಣ, ಹರಿತ. ಹಳೆಯ ಬಿರುಕಿನೊಳಗೆ ಕಪ್ಪು ಮಸಿ, ಪಾಚಿ, ಜೇಡನ ಬಲೆ. ಹುಕ್ಕಿನ ತೂತಿನಿಂದ ಶುರುವಾಗಿ ನೇರ ಓಡಿದ ಬಿರುಕು ಬಿಗಿ ಜಾಸ್ತಿಯಾಗಿ ಬಂದದ್ದು, ಆಣೆಕಲ್ಲಿನದಲ್ಲ. ಮುರಿದ ತುಂಡುಗಳನ್ನು ಒಣಗಿದ್ದಾಗ ಗುಡಿಸಬೇಡಿ, ಕುಟ್ಟಬೇಡಿ. ಹಳೆಯ ಸಿಮೆಂಟ್ ಪತ್ರಾಸಿನಲ್ಲಿ ಕಲ್ನಾರು ಇರುತ್ತದೆ, ಅದರ ದೂಳು ಶ್ವಾಸಕೋಶಕ್ಕೆ ಕೆಟ್ಟದ್ದು. ನೀರು ಚಿಮುಕಿಸಿ, ಬಾಯಿ ಮೂಗು ಕಟ್ಟಿಕೊಂಡು ಎತ್ತಿ ಚೀಲಕ್ಕೆ ಹಾಕಿ.

ಕಾರಿಗೆ ಬರೋಣ. ಆಣೆಕಲ್ಲು ಮೇಲಿನಿಂದ ಬೀಳುವುದರಿಂದ ಬಾನೆಟ್ಟು, ಟಾಪು, ಡಿಕ್ಕಿಯ ಮೇಲ್ಭಾಗಕ್ಕೆ ಜಾಸ್ತಿ ಪೆಟ್ಟು. ಬಾಗಿಲಿಗೆ ಬಿದ್ದಿದ್ದರೆ ಗಾಳಿ ಬಂದ ಮಗ್ಗಲಿನ ಬಾಗಿಲಿಗೆ ಮಾತ್ರ ಬಿದ್ದಿರಬೇಕು. ಎರಡೂ ಮಗ್ಗಲಿನ ಬಾಗಿಲ ನಡುವಿಗೆ ಒಂದೇ ಎತ್ತರದಲ್ಲಿ ನೆಗ್ಗಿದ್ದರೆ ಅದು ಪಕ್ಕದ ಗಾಡಿಯ ಬಾಗಿಲು ತಾಗಿದ್ದು. ಬಣ್ಣ ಕೆರೆದು, ಚಕ್ಕೆ ಎದ್ದು ಬಂದಿದ್ದರೆ ಸಾಮಾನ್ಯವಾಗಿ ಗಟ್ಟಿ ವಸ್ತುವೇ ಬಡಿದಿದೆ. ಆಣೆಕಲ್ಲಿನ ನೆಗ್ಗಿನಲ್ಲಿ ಬಣ್ಣ ಹಾಗೇ ಹೊಳೆಯುತ್ತಿರುತ್ತದೆ. ರಾತ್ರಿ ಟಾರ್ಚನ್ನು ಬಾನೆಟ್ಟಿಗೆ ಸಮವಾಗಿ ಮಲಗಿಸಿ ಹಿಡಿದು ನೋಡಿ, ಹಗಲು ಕಾಣದ ಹತ್ತು ನೆಗ್ಗು ಕಾಣುತ್ತವೆ. ಮುಂದಿನ ಗಾಜಿಗೆ ಬಿರುಕು ಬಂದಿದ್ದರೆ ಅದು ಶುರುವಾದ ಜಾಗ ಹುಡುಕಿ. ಪೆಟ್ಟಿನ ಬಿರುಕಿಗೆ ಒಂದು ಕೇಂದ್ರ ಇರುತ್ತದೆ, ಅಲ್ಲಿಂದ ಸುತ್ತ ಹರಡಿರುತ್ತದೆ. ಕೇಂದ್ರವೇ ಇಲ್ಲದೆ ಅಂಚಿನಿಂದ ಉದ್ದಕ್ಕೆ ಓಡಿದ್ದರೆ ಬಿಸಿಲು ಅಥವಾ ಬಿಗಿಯಿಂದ ಬಂದದ್ದು. ಲಾರಿಯ ಚಕ್ರದಿಂದ ಸಿಡಿದ ಖಡಿ ಗಾಜಿನ ಚೂರನ್ನೇ ಎಬ್ಬಿಸುತ್ತದೆ, ಉಗುರು ಆಡಿಸಿದರೆ ಸಣ್ಣ ತಗ್ಗು ಸಿಗುತ್ತದೆ.

ವಿಮೆ ‘ಫುಲ್’ ಇದೆಯೋ ಬರೀ ಥರ್ಡ್ ಪಾರ್ಟಿಯೋ ನೋಡಿಕೊಳ್ಳಿ. ಥರ್ಡ್ ಪಾರ್ಟಿಯಲ್ಲಿ ಆಣೆಕಲ್ಲಿಗೆ ಏನೂ ಬರುವುದಿಲ್ಲ. ಫುಲ್ ಇದ್ದರೆ ಆಣೆಕಲ್ಲು ಪಾಲಿಸಿಯಲ್ಲೇ ಬರೆದಿರುವ ಕಾರಣಗಳಲ್ಲಿ ಒಂದು. ಗಾಜಿಗೆ ಸವಕಳಿ ಕಡಿತ, ಅಂದರೆ ಹಳೆಯದಾಯಿತು ಅಂತ ಹಣ ಕಡಿಯುವುದು, ಇಲ್ಲ. ಪ್ಲಾಸ್ಟಿಕ್, ರಬ್ಬರ್ ಭಾಗಗಳಿಗೆ ಸಾಮಾನ್ಯ ಪಾಲಿಸಿಯಲ್ಲಿ 50% ಕಡಿಯುತ್ತಾರೆ. ಹಾಗಂತ ನಾಲ್ಕೈದು ಸಣ್ಣ ನೆಗ್ಗಿಗೆ ಓಡಬೇಡಿ. ಒಮ್ಮೆ ಕ್ಲೇಮ್ ಮಾಡಿದರೆ ಮುಂದಿನ ವರ್ಷ ಸಿಗುವ ನೋ ಕ್ಲೇಮ್ ಬೋನಸ್ ಹೋಗುತ್ತದೆ, ಅದು 20%ರಿಂದ 50%ರವರೆಗೆ ಇರುತ್ತದೆ. ಬಣ್ಣ ಕೆಡದ ನೆಗ್ಗನ್ನು ಒಳಗಿನಿಂದ ರಾಡು ಹಾಕಿ ಎತ್ತುವವರು ಸೊಲ್ಲಾಪುರ, ಸಾಂಗಲಿಯಂಥ ಊರುಗಳಲ್ಲಿ ಸಿಗುತ್ತಾರೆ. ಎಷ್ಟಾಗುತ್ತದೆ ಅಂತ ಮೊದಲು ಕೇಳಿ, ಎರಡೂ ಲೆಕ್ಕ ಹಾಕಿ.

ನೀರಿನ ಟಾಕಿಯ ವಿಷಯದಲ್ಲಿ ಆಣೆಕಲ್ಲಿನ ಜೊತೆ ಬಿಸಿಲೂ ಪಾಲುದಾರ. ಟಾಕಿಯ ಹೊರಮೈ ಮೇಲೆ ಬೆರಳು ಉಜ್ಜಿ. ಬಿಳಿ ಪುಡಿ ಹತ್ತಿದರೆ ಪ್ಲಾಸ್ಟಿಕ್ಕು ವರ್ಷಾನುಗಟ್ಟಲೆ ಬಿಸಿಲಿಗೆ ಒಣಗಿ ಪೆಡಸಾಗಿದೆ ಅಂತ ಅರ್ಥ. ಅಂಥದ್ದು ಗೋಟಿಯಷ್ಟು ಕಲ್ಲಿಗೂ ಸೀಳುತ್ತದೆ, ಹೊಸ ಟಾಕಿ ಅದೇ ಪೆಟ್ಟಿಗೆ ಪುಟಿದು ಸುಮ್ಮನಾಗುತ್ತದೆ. ಮೊದಲು ಒಡೆಯುವುದು ಮುಚ್ಚಳ. ಒಂದು ಬಿಂದುವಿನಿಂದ ಮೂರು ನಾಲ್ಕು ಕಡೆಗೆ ಹೋದ ಬಿರುಕು ಪೆಟ್ಟಿನದು. ನಲ್ಲಿ ಕೂರಿಸಿದ ತೂತಿನ ಸುತ್ತ, ಇಲ್ಲವೇ ಜೋಡಣೆಯ ಗೆರೆಗುಂಟ ಬಂದ ಬಿರುಕು ನೀರಿನ ಭಾರಕ್ಕೆ ಬಂದದ್ದು. ಅದನ್ನು ಆಣೆಕಲ್ಲಿನ ಲೆಕ್ಕಕ್ಕೆ ಹಾಕಬೇಡಿ. ಮೋಟರ್ ಸೈಕಲ್ಲಿನ ಇಂಡಿಕೇಟರ್, ಪ್ಲಾಸ್ಟಿಕ್ ಕುರ್ಚಿ, ದ್ರಾಕ್ಷಿ ತುಂಬುವ ಕ್ರೇಟುಗಳಿಗೂ ಇದೇ ಮಾತು.

ಸೋಲಾರ್ ಅಂತ ಬರೆದಿದ್ದೀರಿ, ಯಾವುದು ಅಂತ ಬರೆದಿಲ್ಲ. ನೀರು ಕಾಯಿಸುವ ಗಾಜಿನ ಕೊಳವೆಯದಾಗಿದ್ದರೆ ಪರೀಕ್ಷೆ ಬಹಳ ಸುಲಭ. ಪ್ರತಿ ಕೊಳವೆಯ ಕೆಳತುದಿಯಲ್ಲಿ ಬೆಳ್ಳಿಯ ಹಾಗೆ ಕನ್ನಡಿ ಬಣ್ಣ ಇರುತ್ತದೆ. ಎರಡು ಪದರದ ಗಾಜಿನ ನಡುವಿನ ನಿರ್ವಾತ ಹೋಗಿ ಗಾಳಿ ಒಳಗೆ ಬಂದರೆ ಆ ಬೆಳ್ಳಿ ಬಣ್ಣ ಹಾಲಿನಂತೆ ಬೆಳ್ಳಗಾಗುತ್ತದೆ. ಕೊಳವೆ ಹೊರಗೆ ಇಡಿಯಾಗಿ ಕಂಡರೂ ತುದಿ ಬೆಳ್ಳಗಾಗಿದ್ದರೆ ಅದು ಸತ್ತ ಕೊಳವೆ. ಒಂದೆರಡು ಬದಲಿಸಿದರೆ ಸಾಕು, ಇಡೀ ಸೆಟ್ಟು ತೆಗೆಸಬೇಕಾಗಿಲ್ಲ. ಆದರೆ ಮೊದಲೇ ಬೆಳ್ಳಗಾಗಿದ್ದ ಕೊಳವೆಯೂ ಇರಬಹುದು. ಹತ್ತಿರದಲ್ಲೇ ಹೊಸ ಬಿರುಕು ಸಿಕ್ಕಿದವನ್ನು ಮಾತ್ರ ಈ ಮಳೆಗೆ ಬರೆಯಿರಿ.

ಕರೆಂಟ್ ಮಾಡುವ ಪ್ಯಾನೆಲ್ ಆಗಿದ್ದರೆ ಸ್ವಲ್ಪ ನಿಧಾನ. ಪ್ಯಾನೆಲ್ಲುಗಳನ್ನು ಮಾರುಕಟ್ಟೆಗೆ ಬಿಡುವ ಮೊದಲು ಒಂದು ಪರೀಕ್ಷೆ ಮಾಡುತ್ತಾರೆ. 25 ಮಿ.ಮೀ. ಮಂಜಿನ ಗುಂಡನ್ನು ಗಂಟೆಗೆ ಸುಮಾರು 83 ಕಿ.ಮೀ. ವೇಗದಲ್ಲಿ 11 ಜಾಗಕ್ಕೆ ಹೊಡೆಯುತ್ತಾರೆ. ಆದ್ದರಿಂದ ಗೋಟಿಯಷ್ಟು ಕಲ್ಲಿಗೆ ಒಳ್ಳೆಯ ಪ್ಯಾನೆಲ್ ಹೆದರುವುದಿಲ್ಲ. ಅದಕ್ಕಿಂತ ದೊಡ್ಡ ಕಲ್ಲು ಬಿದ್ದು ಗಾಜು ಒಡೆದಿದ್ದರೆ ಅದು ಪೂರ್ತಿ ಪುಡಿ ಬಲೆಯಾಗಿರುತ್ತದೆ, ಎಲ್ಲರಿಗೂ ಕಾಣುತ್ತದೆ. ಕಾಣದ ಹಾನಿ ಬೇರೆ ಇದೆ. ಗಾಜು ಇಡಿಯಾಗಿದ್ದು ಒಳಗಿನ ಸಿಲಿಕಾನ್ ಬಿಲ್ಲೆಯಲ್ಲಿ ಕೂದಲೆಳೆಯಂಥ ಬಿರುಕು ಬಿದ್ದಿರಬಹುದು. ಕೆಲವು ತಿಂಗಳ ನಂತರ ಬಸವನಹುಳು ಹರಿದ ಹಾಗೆ ಕಂದು ಗೆರೆಗಳು ಆ ಬಿರುಕಿನ ಮೇಲೆ ಮೂಡುತ್ತವೆ. ಈಗ ಮಾಡಬಹುದಾದದ್ದು ಇಷ್ಟು: ಮೋಡ ಇಲ್ಲದ ದಿನ ಮಧ್ಯಾಹ್ನ ಹನ್ನೆರಡಕ್ಕೆ ಎಷ್ಟು ಕರೆಂಟ್ ಬರುತ್ತಿದೆ ಅಂತ ಇನ್ವರ್ಟರಿನಲ್ಲಿ ಓದಿ, ಮಳೆಗೆ ಮೊದಲಿನ ಅಂಥದೇ ದಿನದ ಅಂಕಿಯ ಜೊತೆ ಹೋಲಿಸಿ. ಕಡಿಮೆಯಾಗಿದ್ದರೆ ಹಾಕಿಕೊಟ್ಟವರನ್ನು ಕರೆಸಿ. ಒಡೆದ ಪ್ಯಾನೆಲ್ಲನ್ನು ಮಾತ್ರ ಮುಟ್ಟಲೇಬೇಡಿ. ಒಡೆದರೂ ಬಿಸಿಲಿದ್ದಷ್ಟು ಹೊತ್ತು ಅದರಲ್ಲಿ ಕರೆಂಟ್ ಇರುತ್ತದೆ. ಮಕ್ಕಳನ್ನು ದೂರ ಇಡಿ.

ಗೋಡೆಯ ಬಣ್ಣಕ್ಕೆ ಒಂದೇ ಸುಲಭದ ಗುರುತು. ಆಣೆಕಲ್ಲು ಒಳಕ್ಕೆ ಒತ್ತುತ್ತದೆ ಅಥವಾ ಚಕ್ಕೆ ಎಬ್ಬಿಸುತ್ತದೆ. ತೇವ, ಬಿಸಿಲು ಬಣ್ಣವನ್ನು ಹೊರಕ್ಕೆ ಉಬ್ಬಿಸುತ್ತವೆ. ಉಬ್ಬಿದ ಗುಳ್ಳೆ, ಹಪ್ಪಳದಂತೆ ಸುರುಳಿ ಎದ್ದ ಬಣ್ಣ, ನೆಲದಿಂದ ಮೊಳದೆತ್ತರದವರೆಗಿನ ಉಪ್ಪು ಇವು ಯಾವುವೂ ಈ ಮಳೆಯವಲ್ಲ. ಕಟ್ಟಿಗೆ ಬಾಗಿಲಿನಲ್ಲಿ ಹೊಸ ಸೀಳು ಒಳಗೆ ಹೊಂಬಣ್ಣ ಇರುತ್ತದೆ, ಹಳೆಯದು ಬೂದಿ.

ಒಣದ್ರಾಕ್ಷಿ ಶೆಡ್ಡಿನಲ್ಲಿ ಪರದೆಯ ನೆಟ್ಟು ನೋಡಿ. ಕಲ್ಲಿನ ತೂತು ಮೇಲ್ಮುಖದಲ್ಲಿ, ನೆಟ್ಟು ಬಿಗಿಯಾಗಿ ತಂತಿಯ ಮೇಲೆ ಕೂತ ಕಡೆ ಜಾಸ್ತಿ. ನಡುವೆ ಜೋತು ಬಿದ್ದ ಕಡೆ ಕಲ್ಲು ಪುಟಿದು ಹೋಗಿರುತ್ತದೆ. ಅಂಚಿನಿಂದ ಉದ್ದಕ್ಕೆ ಹರಿದದ್ದು ಗಾಳಿಯದು. ಗಾಳಿಯೂ ಅವತ್ತಿನದೇ ಆಗಿದ್ದರೆ ಅದನ್ನೂ ಬರೆಸಿ, ಆದರೆ ‘ಗಾಳಿ’ ಅಂತಲೇ ಬರೆಸಿ. ರ‍್ಯಾಕಿನ ಮೇಲಿದ್ದ ಮಾಲಿಗೆ ನೀರು ಬಿದ್ದಿದ್ದರೆ ಅದು ಬೇರೆ ಲೆಕ್ಕ, ಬೇರೆ ಫೋಟೋ. ಡ್ರಿಪ್ ಪೈಪಿನ ತೂತುಗಳನ್ನೂ ಕೆಲವರು ಆಣೆಕಲ್ಲಿಗೆ ಸೇರಿಸುತ್ತಾರೆ. ಹತ್ತಿರ ಹಿಡಿದು ನೋಡಿ. ತೂತಿನ ಅಂಚಿನಲ್ಲಿ ಜೋಡಿ ಗೀರು ಇದ್ದರೆ ಅದು ಇಲಿ, ಅಳಿಲಿನ ಹಲ್ಲು.

ಈಗ ಫೋಟೋ. ಪ್ರತಿ ವಸ್ತುವಿಗೆ ಎರಡು ತೆಗೆಯಿರಿ. ಒಂದು ದೂರದಿಂದ, ಮನೆ ಯಾವ ಕಡೆ, ವಸ್ತು ಯಾವ ಕಡೆ ಗೊತ್ತಾಗುವಂತೆ. ಇನ್ನೊಂದು ಹತ್ತಿರದಿಂದ, ಪಕ್ಕದಲ್ಲಿ ನಾಣ್ಯ ಇಟ್ಟು. ಪತ್ರಾಸಿನಲ್ಲಿ ಒಂದು ಮೀಟರ್ ಚೌಕ ಖಡುವಿನಿಂದ ಬರೆದು ಅದರೊಳಗಿನ ನೆಗ್ಗು ಎಣಿಸಿ. ಎರಡು ಇಳಿಜಾರಿಗೂ ಹೀಗೆ ಒಂದೊಂದು ಚೌಕ ಮಾಡಿ. ಏನೂ ಆಗದ ವಸ್ತುವಿನ ಫೋಟೋ ಕೂಡ ತೆಗೆಯಿರಿ. ‘ಈ ಕಡೆ ಪೆಟ್ಟು ಬಿದ್ದಿಲ್ಲ’ ಅಂತ ನೀವೇ ತೋರಿಸಿದರೆ, ಬಿದ್ದಿದೆ ಅಂತ ತೋರಿಸಿದ್ದನ್ನು ನೋಡುವವರು ನಂಬುತ್ತಾರೆ. ಪಕ್ಕದವರಿಗೂ ಇದನ್ನೇ ಹೇಳಿ. ಅವರು ಕೆಟ್ಟ ಮನಸ್ಸಿನಿಂದ ಹೇಳಿರುವುದಿಲ್ಲ, ಲುಕ್ಸಾನಿನ ಹೊತ್ತಿನಲ್ಲಿ ಎಲ್ಲರಿಗೂ ಹಾಗೆ ಅನಿಸುತ್ತದೆ. ಆದರೆ ತುಕ್ಕು ಹಿಡಿದ ಒಂದು ತೂತು ಸೇರಿಸಿದರೆ ಸಾಕು, ಅವರ ನಿಜವಾದ ಹಾನಿಗೂ ಕಲ್ಲು ಬೀಳುತ್ತದೆ.

ತಲಾಟಿಯವರ ಬಗ್ಗೆ ಒಂದು ಮಾತು. ಆಣೆಕಲ್ಲು ಸರ್ಕಾರದ ನೈಸರ್ಗಿಕ ಆಪತ್ತಿನ ಪಟ್ಟಿಯಲ್ಲಿದೆ. ಪಂಚನಾಮೆ ಅಂದರೆ ಬೆಳೆಯದು ಮಾತ್ರ ಅಲ್ಲ, ಮನೆ ಮತ್ತು ಕೊಟ್ಟಿಗೆಯ ಹಾನಿಯನ್ನೂ ಬರೆಯಬಹುದು. ‘ಮನೆಯನ್ನೂ ನೋಡಿ’ ಅಂತ ಒಂದು ಅರ್ಜಿ ಮರಾಠಿಯಲ್ಲಿ ಬರೆದು ಕೊಡಿ, ಕೊಟ್ಟದ್ದಕ್ಕೆ ಸಹಿ ಹಾಕಿಸಿಕೊಳ್ಳಿ. ಕಾರಿನ ವಿಮೆಯವರಿಗೆ ಇವತ್ತೇ ಫೋನ್ ಮಾಡಿ ಅವರು ಕೊಡುವ ಕ್ಲೇಮ್ ನಂಬರ್ ಬರೆದಿಟ್ಟುಕೊಳ್ಳಿ, ತಡ ಮಾಡಿದಷ್ಟೂ ಪ್ರಶ್ನೆ ಜಾಸ್ತಿ. ಅವರ ಸರ್ವೇಯರ್ ಬಂದು ನೋಡುವವರೆಗೆ ಗ್ಯಾರೇಜಿಗೆ ಬಿಡಬೇಡಿ.

ಮಾವನವರನ್ನು ಈ ಕೆಲಸದಲ್ಲಿ ಜೊತೆಗೆ ಕರೆದುಕೊಳ್ಳಿ, ಅಕ್ಕಾ. ಆ ಕಾಲು ಗಂಟೆ ಮನೆಯಲ್ಲಿದ್ದವರು ಅವರೊಬ್ಬರೇ. ಪತ್ರಾಸಿನ ಮೇಲೆ ಯಾವ ಕಲ್ಲು ಯಾವ ವರ್ಷ ಹೇರಿದ್ದು, ಯಾವ ತಗಡು ಯಾವಾಗ ಹಾಕಿಸಿದ್ದು ಅಂತ ಅವರಿಗೆ ಗೊತ್ತು. ಅವರು ‘ಇದು ಹಳೇದು’ ಅಂದದ್ದಕ್ಕೆಲ್ಲ ಖಡುವಿನಿಂದ ಒಂದು ಅಡ್ಡ ಗೆರೆ ಹಾಕಿಸಿ, ಅವನ್ನು ಬಿಟ್ಟು ಉಳಿದದ್ದನ್ನು ಎಣಿಸಿ. ಟಾಕಿ ಸೀಳಿದ್ದರೆ ಅದರ ನೀರನ್ನು ದನಕ್ಕೆ, ಬಳಕೆಗೆ ಹಾಕಿ. ಮುಚ್ಚಳ ಒಡೆದು ಎಲೆ, ಮಣ್ಣು ಬಿದ್ದಿದ್ದರೆ ಕುಡಿಯಲು ಬೇಡ. ಫೋಟೋಗಳೆಲ್ಲ ಆದ ಮೇಲೆ ಗೋಡೆಗೆ ಬಣ್ಣ ಹೊಡೆಸಿ, ಯುಗಾದಿಗೆ ಇನ್ನೂ ಸಮಯ ಇದೆ.